ಪಂಪ್‌ಹೌಸಿನ ಏಳು ಅಕ್ಕಯ್ಯಂದಿರು

"ಕಪ್ಪೆಚಿಪ್ಪಿಗೂ ಯಾವಾಗ ಬಾಯಿ ಮುಚ್ಚಬೇಕು ಅಂತ ಗೊತ್ತೈತೆ ಕಣ್ಲಾ ಜವ್ರ. ನಿಂಗೆ ಅಷ್ಟೂ ಗೊತ್ತಿಲ್ಲ!"

ಪುರಸಭೆಯ ಮೀಟಿಂಗ್ ಹಾಲ್‌ನಲ್ಲಿ, ಮೈಕು ಹಿಡಿದುಕೊಂಡು, ಆಲೆಮನೆ ತಿಬ್ಬೇಗೌಡ ಹೇಳಿದ ಮಾತಿದು. ಆ ಗಂಟಲಿಗೆ ಮೈಕಿನ ದರ್ದೇ ಇರಲಿಲ್ಲ. ಸದಸ್ಯರು ನಕ್ಕರು. ಟೀ ತಂದವನು ಟ್ರೇ ಕೆಳಗಿಟ್ಟು ನಕ್ಕ. ಹೆಂಗಸರ ಬೆಂಚಿನಲ್ಲಿ ನಮ್ಮವ್ವ ಸಣ್ಣತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಬಾಯಿ ಕಾಣಲಿಲ್ಲ, ಭುಜ ಕುಲುಕುತ್ತಿತ್ತು. ಹೆತ್ತವಳೂ ನಕ್ಕಮೇಲೆ ಮಗನಾದವನು ಇನ್ನೇನು ಮಾಡಬೇಕು?

"ಮುಚ್ಚಿಸ್ತಿರೋನು ನೀನು ಗೌಡ!" ಅಂತ ನಾನು ಕುರ್ಚಿ ಒದ್ದು ಎದ್ದೆ. "ನಿನ್ನ ಕೊಪ್ಪರಿಗೆ ತೊಳೆದ ನೀರು ಹೊಳೆಗೆ ಬಿಡ್ತೀಯ. ಬೆಲ್ಲ ಬಿಳಿ ಕಾಣಲಿ ಅಂತ ಹಾಕ್ತೀಯಲ್ಲ ಆ ಹೈಡ್ರೋಸ್ ಪುಡಿ, ಅದಕ್ಕೇ ಚಿಪ್ಪು ಮುಚ್ಕೊಳ್ಳೋದು!"

"ಈಗ ತಾನೇ ಮೇಡಮ್ಮೋರು ಓದಿದ್ರಲ್ಲೋ! ನನ್ನ ಮೋರಿ ನೀರು ಶುದ್ಧ ಅಂತ!"

ಅದು ನಿಜ. ನಮ್ಮ ಪಂಪ್‌ಹೌಸಿನ ಲವೀನಾ ಮೇಡಂ ನೀರಿನ ರಿಪೋರ್ಟು ಓದಿ ಕೂತು ಎರಡು ನಿಮಿಷ ಆಗಿರಲಿಲ್ಲ. ಪಂಪ್‌ಹೌಸಿಗೆ ಚಿಪ್ಪು ಬಂದ ದಿನವೇ ಗೌಡ ಹೆದರಿ ಹಿತ್ತಲಲ್ಲಿ ಗುಂಡಿ ತೋಡಿಸಿ, ತೊಳೆದ ನೀರನ್ನೆಲ್ಲ ಅದಕ್ಕೆ ಬಿಟ್ಟಿದ್ದ. ಹೊಳೆಗೆ ಒಂದು ತೊಟ್ಟೂ ಹೋಗುತ್ತಿರಲಿಲ್ಲ. ಆದರೆ ನನ್ನ ಸಿಟ್ಟಿಗೆ ರಿಪೋರ್ಟು ಓದೋ ಅಭ್ಯಾಸ ಇಲ್ಲ. "ಹಗಲು ನೋಡಿದ್ದೀರಿ, ಬೆಳಗಿನ ಜಾವ ನೋಡಿಲ್ಲ" ಅಂತ ಇನ್ನೂ ಕೂಗುತ್ತಿದ್ದೆ. ಅಧ್ಯಕ್ಷರು ಗಂಟೆ ಬಾರಿಸಿದರು.

ಮುಖ್ಯಾಧಿಕಾರಿ ಎದ್ದು ನಿಂತು ತೀರ್ಮಾನ ಹೇಳಿದರು. ಈ ಶುಕ್ರವಾರವೂ ಚಿಪ್ಪು ಮುಚ್ಚಿದರೆ ಅವನ್ನೆಲ್ಲ ತೆಗೆದು ಹೊಳೆಗೆ ಬಿಡೋದು, ಹಳೇ ಪದ್ಧತಿಗೇ ಹೋಗೋದು. ಎಲ್ಲರೂ ಮೇಜು ಬಡಿದರು.

ಹಳೇ ಪದ್ಧತಿ ಅಂದರೆ ಏನು ಅಂತ ನಮ್ಮ ಹೊಳೆಬಾಗಿಲಿನ ಜನ ಎಷ್ಟು ಬೇಗ ಮರೆತರೋ! ಶಿಂಷಾ ಹೊಳೆಯ ನೀರು ಎತ್ತಿ, ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು ಊರಿಗೆ ಬಿಡುತ್ತಿದ್ದರು. ಸ್ನಾನ ಮಾಡಿದರೆ ಮೈ ತುರಿಕೆ, ಅನ್ನ ಮಾಡಿದರೆ ಆಸ್ಪತ್ರೆ ವಾಸನೆ. ಹೊಳೆಗೆ ಲಾರಿ ಇಳಿಸಿ ತೊಳೆಯೋರು ಒಂದು ಕಡೆ, ಕೋಳಿ ಅಂಗಡಿ ಕಸ ಇನ್ನೊಂದು ಕಡೆ.

ಆಮೇಲೆ ಬಂತು ಚಿಪ್ಪು. ಕಪ್ಪೆಚಿಪ್ಪಿನೊಳಗಿನ ಜೀವ ನೀರನ್ನ ಒಳಗೆಳೆದು, ಪಾಚಿಗೀಚಿ ಸೋಸಿ ತಿಂದು, ನೀರನ್ನ ಹೊರಗೆ ಬಿಡುತ್ತೆ. ಬಾಯಿ ತೆರೆದಿದ್ದರೇ ಅದಕ್ಕೆ ಊಟ, ಉಸಿರು. ಒಗ್ಗದ್ದು ಏನಾದರೂ ನೀರಲ್ಲಿ ಬಂತೋ, ಎರಡು ಹೋಳೂ ಒತ್ತಿ ಮುಚ್ಚಿಕೊಂಡುಬಿಡುತ್ತೆ. ಹೊಳೆಯಿಂದ ಬರೋ ಪೈಪಿನ ನೀರು ಮೊದಲು ಒಂದು ಗಾಜಿನ ತೊಟ್ಟಿಗೆ ಬೀಳುತ್ತೆ. ಅದರಲ್ಲಿ ಏಳು ಚಿಪ್ಪು. ಒಂದೊಂದಕ್ಕೂ ಒಂದು ಹೋಳಿಗೆ ಆಯಸ್ಕಾಂತದ ಚೂರು, ಇನ್ನೊಂದು ಹೋಳಿಗೆ ಸೆನ್ಸರ್ ಅಂಟಿಸಿದ್ದಾರೆ. ಬಾಯಿ ಎಷ್ಟು ತೆರೆದಿದೆ ಅಂತ ಪರದೆ ಮೇಲೆ ಗೆರೆ ಓಡುತ್ತೆ. ಏಳರಲ್ಲಿ ನಾಲ್ಕು ಮುಚ್ಚಿದರೆ ಪಂಪು ತಾನೇ ನಿಲ್ಲುತ್ತೆ. ಚಾಲೂ ಮಾಡೋದಕ್ಕೆ ಬೇರೆ ಸ್ವಿಚ್ಚೇ ಇಲ್ಲ. ಶಾಸಕರು ಫೋನ್ ಮಾಡಿದರೂ ಇಲ್ಲ. ಮಾಡಿದ್ದರು ಒಂದು ಸಲ, "ಯಾರಯ್ಯ ಅಲ್ಲಿ ಇನ್‌ಚಾರ್ಜು?" ಅಂತ. "ಕಪ್ಪೆಚಿಪ್ಪು ಸಾರ್" ಅಂದೆ. ಅವರು ಫೋನು ಇಟ್ಟರು.

"ಮೀಟರಿಗೆ ನಾವು ಕೇಳಿದ್ದು ಮಾತ್ರ ಹೇಳಲಿಕ್ಕೆ ಗೊತ್ತು ಮಾರಾಯ" ಅಂತ ಲವೀನಾ ಮೇಡಂ ಮೊದಲ ದಿನ ನನಗೆ ಹೇಳಿದ್ದರು. "ಇದಕ್ಕೆ ನಾವು ಕೇಳುವುದೇ ಬೇಡ. ಹಿತವಿಲ್ಲದಿದ್ರೆ ಮುಚ್ಚಿತು, ಅಷ್ಟೆ."

ಮೇಡಂ ಮಂಗಳೂರಿನ ಕಡೆಯವರು, ಡಿಸೋಜ. ಈ ಯೋಜನೆಯ ವಿಜ್ಞಾನಿ. ನಾನು ಚಿಪ್ಪು ಕಾಯೋನು. ತೊಟ್ಟಿ ತಿಕ್ಕೋದು, ಜರಡಿ ತೊಳೆಯೋದು, ಪಾಚಿ ಕಟ್ಟದ ಹಾಗೆ ನೋಡಿಕೊಳ್ಳೋದು. "ಓದದಿದ್ರೆ ಕೈಗೆ ಚಿಪ್ಪೇ ಗತಿ ಕಣೋ" ಅಂತ ಒಂಬತ್ತನೇ ಕ್ಲಾಸಿನ ಮೇಷ್ಟ್ರು ಹೇಳುತ್ತಿದ್ದರು. ಅವರ ಬಾಯಿಗೆ ಸಕ್ಕರೆ ಹಾಕ. ಅವರು ಹೇಳಿದ ಒಂದೇ ಒಂದು ಮಾತು ನಿಜವಾಗಿದ್ದು ಅದೇ.

ಊರೂ ಚಿಪ್ಪಿಗೆ ಒಗ್ಗಿಕೊಂಡಿತ್ತು. ಲಾರಿ ತೊಳೆಯೋರು ಹೊಳೆ ಬಿಟ್ಟು ಮೇಲೆ ಹೋದರು. ಕೋಳಿ ಅಂಗಡಿಯವನ ಚೀಲವನ್ನ ಅವನ ಹೆಂಡತಿಯೇ ಹಿಡಿದು ನಿಲ್ಲಿಸಿದಳು, ಮನೇಲಿ ನೀರು ನಿಲ್ಲುತ್ತೆ ಅಂತ. ಪಂಪ್‌ಹೌಸಿಂದ ಫೋನಿಗೆ ಬರೋ ಏಳು ಚಿಪ್ಪಿನ ಚಿತ್ರ ನೋಡಿಕೊಂಡೇ ಹೆಂಗಸರು ಬಟ್ಟೆ ನೆನೆ ಹಾಕುತ್ತಿದ್ದರು. ಮಾತಿಗೂ ಬಂದುಬಿಟ್ಟಿತ್ತು: "ನಮ್ಮತ್ತೆ ಬೆಳಗಿಂದ ನಾಕು ಮುಚ್ಚವ್ಳೆ ಕಣೆ, ಮಾತಿಲ್ಲ ಕತೆಯಿಲ್ಲ." ಎಷ್ಟೋ ವರ್ಷದ ಮೇಲೆ ಸೇತುವೆ ಕೆಳಗೆ ನೀರುನಾಯಿ ಕಂಡವು. ನಲ್ಲಿ ನೀರು ಹಾಗೇ ಕುಡಿಯಬಹುದಿತ್ತು.

ಅಂಥಾದ್ದರಲ್ಲಿ, ಈಗ ಒಂದೆರಡು ತಿಂಗಳಿಂದ, ಮಂಗಳವಾರ ಶುಕ್ರವಾರ ಬಂತೆಂದರೆ ಬೆಳಿಗ್ಗೆ ಏಳಕ್ಕೆ ಏಳೂ ಮುಚ್ಚಿಕೊಂಡು ಕೂರುತ್ತಿದ್ದವು. ಮಧ್ಯಾಹ್ನದವರೆಗೆ ಊರಿಗೆ ಹನಿ ನೀರಿಲ್ಲ. ಗೌಡನ ಆಲೆಮನೆಯಲ್ಲಿ ಕೊಪ್ಪರಿಗೆ ತೊಳೆಯೋದೂ ಅದೇ ಎರಡು ದಿನ. ನಾನು ಹುಡುಕಿದ ಕಳ್ಳ ಎಷ್ಟು ಚೆನ್ನಾಗಿ ಹೊಂದುತ್ತಿದ್ದ ನೋಡಿ! ಆಲೆಮನೆ ಮುಂದೆ ಹೋಗಿ "ಕಳ್ಳ" ಅಂತ ಕೂಗಿ ಬಂದಿದ್ದೆ. ಗೌಡನ ಆಳುಗಳು ನನಗೆ ಬಿಸಿ ಬೆಲ್ಲ ತಿನ್ನಿಸಿ ಕಳಿಸಿದ್ದರು. ಅದೂ ಒಂದು ಅವಮಾನವೇ, ರುಚಿಯಾಗಿತ್ತು.

ಸಭೆ ಮುಗಿಸಿ ಅವ್ವನ ಜೊತೆ ಮಾತಾಡದೆ ಮನೆಗೆ ಬಂದೆ. ಅವಳು ನೇರ ಅಡುಗೆಮನೆಗೆ ಹೋಗಿ ತಂಬಿಟ್ಟಿಗೆ ಅಕ್ಕಿ ಹುರಿಯೋದಕ್ಕೆ ಕೂತಳು. ಪಕ್ಕದಲ್ಲಿ ಒಂದು ದೊಡ್ಡ ಪೊಟ್ಟಣ ಕುಂಕುಮ, ಅದರ ಅಪ್ಪನಂಥ ಪೊಟ್ಟಣದಲ್ಲಿ ಅರಿಶಿನ.

"ಯಾರ ಮದುವೇವ್ವ?"

"ಮದುವೆ ಎಲ್ಲಿ ಬಂತು? ನಿನ್ನ ಚಾಕರಿ ಉಳಿಲಿ ಅಂತ ಕಣ್ಲಾ. ಅಕ್ಕಯ್ಯಗಳು ಮುನಿಸ್ಕೊಂಡವ್ರೆ. ಈ ಶುಕ್ರವಾರ ಜೋರಾಗೇ ಮಾಡ್ತೀವಿ."

"ಯಾವ ಅಕ್ಕಯ್ಯಗಳು?"

ಅವ್ವ ಹುರಿಯೋದು ನಿಲ್ಲಿಸಿ, ದಡ್ಡನನ್ನ ನೋಡೋ ಹಾಗೆ ನೋಡಿದಳು. ಪಂಪ್‌ಹೌಸಿನ ಮೇಲುಗಡೆ, ಹೊಳೆ ತಿರುಗೋ ಕಡೆ, ಮೆಟ್ಟಿಲ ಹತ್ತಿರ ಏಳು ಕಲ್ಲಿವೆ. ಏಳು ಜನ ಅಕ್ಕಯ್ಯಂದಿರು. ನೀರಿನ ದೇವತೆಗಳು. ಅಲ್ಲಿ ಪೂಜೆ ಹೆಂಗಸರದ್ದೇ, ಪೂಜೆ ಹೊತ್ತಲ್ಲಿ ಗಂಡಸರು ಸುಳಿಯೋ ಹಾಗಿಲ್ಲ. ವರ್ಷಕ್ಕೊಂದು ಸಲ ಒಂದು ಹೂವು, ಒಂದು ದೀಪ, ಅಷ್ಟೇ ಅಂದುಕೊಂಡಿದ್ದೆ ನಾನು.

"ನಿಮ್ಮ ತೊಟ್ಟೀಲಿ ಏಳೇ ಚಿಪ್ಪು ಯಾಕ್ಲಾ ಮಡಗಿದ್ರು? ಎಂಟು ಮಡಗಬಾರದಿತ್ತಾ?"

"ಬೆಸ ಇರಬೇಕು ಕಣವ್ವ. ಇಲ್ದಿದ್ರೆ ನಾಕಕ್ಕೆ ನಾಕು ಓಟು ಬಿದ್ದು ಪಂಪು ಎತ್ತ ಹೋಗಬೇಕು ಅಂತ ಗೊತ್ತಾಗಕಿಲ್ಲ."

"ಬೆಸ ಅಂದ್ರೆ ಐದಿಲ್ವಾ? ಒಂಬತ್ತಿಲ್ವಾ? ಏಳೇ ಅಂತ ಅವರ ಬಾಯಲ್ಲಿ ಆಡಿಸಿದೋರು ಯಾರು?"

ಹುರಿದ ಅಕ್ಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

ಅವ್ವ ಬಿಡಿಸಿ ಹೇಳಿದಳು. ಒಂದು ಮಂಗಳವಾರ ಮಳೆ ಬಂದು ಕೆಸರು ನೀರು ಹರಿದು ಚಿಪ್ಪು ಮುಚ್ಚಿದ್ದವು. ಅಕ್ಕಯ್ಯಗಳು ಮುನಿದರು ಅಂತ ಹೆಂಗಸರು ಹೋಗಿ ಕಲ್ಲಿಗೆ ಹಾಲೆರೆದರು, ಅರಿಶಿನ ಕುಂಕುಮ ಹೊಳೆಗೆ ಬಿಟ್ಟರು. ಸಂಜೆಗೆ ಚಿಪ್ಪು ತೆರೆಯಿತು. ಸಂತೋಷಕ್ಕೆ ಶುಕ್ರವಾರವೂ ಮಾಡಿದರು. ಆದರೆ ಶುಕ್ರವಾರ ಚಿಪ್ಪು ಮತ್ತೆ ಮುಚ್ಚಿತು. ಕೋಪ ಪೂರ್ತಿ ಇಳಿದಿಲ್ಲ ಅಂತ ಮುಂದಿನ ಸಲ ಇನ್ನೊಂದು ಬೀದಿ ಸೇರಿತು, ಇನ್ನೊಂದು ಬಿಂದಿಗೆ ಹಾಲು ಸೇರಿತು. ಈಗ ಊರಿಗೆ ಊರೇ ಸೇರುತ್ತಿದೆ. ಮುಂದಾಳು ನಮ್ಮವ್ವ.

ಬೇಸಿಗೆಯ ಹೊಳೆ, ಮೆಟ್ಟಿಲ ಹತ್ತಿರ ನೀರು ನಿಂತ ಹಾಗೇ ಇರುತ್ತೆ. ನಮ್ಮ ಪೈಪಿನ ಬಾಯಿ ಇರೋದು ಅದರ ಕೆಳಗೇ. ಊರಿನ ಹೆಂಗಸರೆಲ್ಲ ಎರೆದ ಹಾಲು, ಬಣ್ಣದ ಪುಡಿಯ ಕುಂಕುಮ, ಕರ್ಪೂರದ ಮಸಿ, ಎಲ್ಲಾ ಸೀದಾ ಏಳು ಬಾಯಿಗೆ. ಮುಚ್ಚದೆ ಇನ್ನೇನು ಮಾಡಾವು?

"ಅವ್ವ..." ಅಂದೆ. ಕಿರುಚಬೇಕು ಅಂತಲೇ ಬಾಯಿ ತೆರೆದದ್ದು. ಅಷ್ಟರಲ್ಲಿ ಅವಳು ಡಬ್ಬಿಯಲ್ಲಿ ಆಗಲೇ ಕಟ್ಟಿಟ್ಟಿದ್ದ ಒಂದು ಉಂಡೆ ತೆಗೆದು, "ತಿನ್ನು, ಸಭೇಲಿ ನಕ್ಕೆ ಅಂತ ಕ್ವಾಪನಾ? ಗೌಡ ಹೇಳಿದ್ದು ಹಂಗೇ ಇತ್ತು ಕಣ್ಲಾ, ತಡಕೊಳಕ್ಕಾಗ್ಲಿಲ್ಲ" ಅಂತ ಬಾಯಿಗಿಟ್ಟಳು.

ಉಂಡೆ ಜಗಿಯುತ್ತಾ ಯೋಚಿಸಿದೆ. ನಾನು ಸುಮ್ಮನಿದ್ದರೆ ಶುಕ್ರವಾರಕ್ಕೆ ಚಿಪ್ಪು ಹೋಯಿತು, ನೀರೂ ಹೋಯಿತು. ಬಾಯಿ ಬಿಟ್ಟರೆ ನಮ್ಮವ್ವ ಹೋದಳು. ಊರಿಗೆ ನೀರು ನಿಲ್ಲಿಸಿದೋಳು ಅಂತ ಹೆಸರಾದರೆ ಅವಳು ಇನ್ನು ನಲ್ಲಿ ಹತ್ತಿರ ತಲೆ ಎತ್ತೋ ಹಾಗಿಲ್ಲ. ಗೌಡನಂಥೋರು ಅದನ್ನ ಸಾಯೋತನಕ ಆಡಿಕೊಳ್ಳುತ್ತಾರೆ.

ಪಂಪ್‌ಹೌಸಿಗೆ ಓಡಿದೆ. ಮೇಡಂ ಪರದೆ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಹೇಳಿದೆ. ಅವರು ನಗಲಿಲ್ಲ.

"ಅಯ್ಯೋ ದೇವರೇ. ಪಂಪ್‌ಹೌಸಿನ ಹಿಂದೆಯೇ! ನಾನು ಮೂರು ಮೈಲಿ ಮೇಲಿನ ತನಕ ಸ್ಯಾಂಪಲ್ ತೆಗೆದೆ."

"ನೀವೇ ಹೇಳಿಬಿಡಿ ಮೇಡಂ, ಪೂಜೆ ನಿಲ್ಲಿಸಿ ಅಂತ. ನಿಮ್ಮ ಮಾತು ಕೇಳ್ತಾರೆ."

"ನಾನಾ? ಲವೀನಾ ಡಿಸೋಜ ಮೈಕ್ ಹಿಡಿದು, 'ಅಮ್ಮಂದಿರೇ, ಪೂಜೆ ಮಾಡಬೇಡಿ' ಅಂತ? ನಿನಗೆ ತಲೆ ಸಮ ಉಂಟಾ?" ಆಮೇಲೆ ದನಿ ತಗ್ಗಿಸಿದರು. "ಅದೂ ಅಲ್ಲದೆ ನಮ್ಮ ಮನೆಯಲ್ಲಿ ಮರುವಾಯಿ ಅಂತ ಇವರ ಸಮುದ್ರದ ನೆಂಟರನ್ನು ತೆಂಗಿನತುರಿ ಹಾಕಿ ಸುಕ್ಕ ಮಾಡ್ತಾರೆ ಮಾರಾಯ."

"ಅದನ್ನ ಈ ಊರಲ್ಲಿ ಯಾರ ಹತ್ರಾನೂ ಅನ್ನಬೇಡಿ ಮೇಡಂ. ಅಕ್ಕಯ್ಯನ್ನ ಒಗ್ಗರಣೆ ಹಾಕೋರು ಅಂತಾರೆ."

ಆಗ ನಕ್ಕರು. ನಕ್ಕ ಮೇಲೆ ಅವರಿಗೆ ತಲೆ ಓಡಿತು. "ಹೇಳುವುದು ಬೇಡ. ತೋರಿಸುವ. ನಿನ್ನ ಅಮ್ಮನನ್ನು ಕರ್ಕೊಂಡು ಬಾ. ಕುಂಕುಮ ಸಮೇತ."

ಮಾರನೇ ದಿನ ಮಧ್ಯಾಹ್ನ ಅವ್ವ ಬಂದಳು, ಜೊತೆಗೆ ಅವಳ ಬಲಗೈ ಚನ್ನಾಜಮ್ಮ. ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು, ಪರದೆಗೆ ಒಂದು ಸಲ ಕೈ ಮುಗಿದು, ಒಳಗೆ ಬಂದರು. ಮೂಲೆಯ ಟಬ್ಬಿನಲ್ಲಿ ಮೀಸಲಿಗೆ ಅಂತ ಸಾಕಿದ್ದ ಬೇರೆ ಚಿಪ್ಪುಗಳಿದ್ದವು, ಎಲ್ಲಾ ಒಸಿಒಸಿ ಬಾಯಿ ತೆರೆದುಕೊಂಡು ನೆಮ್ಮದಿಯಾಗಿದ್ದವು.

"ನೋಡವ್ವ, ಉಸಿರಾಡ್ತಾ ಅವೆ" ಅಂದ ಚನ್ನಾಜಮ್ಮನ ಕಣ್ಣಲ್ಲಿ ನೀರು.

"ಕುಂಕುಮ ಇಡಿ ಅಮ್ಮ" ಅಂದರು ಮೇಡಂ.

ಅವ್ವ ಭಕ್ತಿಯಿಂದ ಒಂದು ಚಿಟಿಕೆ ಬಿಟ್ಟಳು. ನೀರಲ್ಲಿ ಕೆಂಪು ಎಳೆ ಎಳೆಯಾಗಿ ಇಳಿಯಿತು. ಮೊದಲನೆಯದು ಮುಚ್ಚಿತು. ಪಕ್ಕದ್ದು ಮುಚ್ಚಿತು. ಬಾಗಿಲು ಹಾಕಿಕೊಳ್ಳೋ ಬೀದಿಯ ಹಾಗೆ ಸಾಲಾಗಿ ಎಲ್ಲಾ ಮುಚ್ಚಿದವು. ಇನ್ನೊಂದು ಟಬ್ಬಿಗೆ ಒಂದು ಲೋಟ ಹಾಲು ಬಿಟ್ಟಳು. ಅಲ್ಲೂ ಅದೇ. ನನಗೆ ಮಾತಾಡೋದಿತ್ತು, ಮೇಡಂ ನನ್ನ ಕಾಲು ತುಳಿದರು.

"ಬ್ಯಾಡ್ವಂತೆ" ಅಂದಳು ಅವ್ವ ಕೊನೆಗೆ, ಮುಖ ಸಣ್ಣ ಮಾಡಿಕೊಂಡು. "ನಮ್ಮ ಕೈಯಿಂದಾನೇ ಬ್ಯಾಡ್ವಂತೆ. ಏನು ತಪ್ಪು ಮಾಡಿದ್ವೋ."

"ನಿಮ್ಮ ಮೇಲೆ ಸಿಟ್ಟಿಲ್ಲ ಅಮ್ಮ" ಅಂದರು ಮೇಡಂ ಮೆಲ್ಲಗೆ. "ಇವರ ಸ್ಥಿತಿ ಹಾಗೆ ಉಂಟು. ಈಗ ಇವರ ಕಿವಿರು ತುಂಬಾ ಮರಿ. ಸಾವಿರಗಟ್ಟಲೆ. ಹೊತ್ತುಕೊಂಡಿದ್ದಾರೆ."

"ಏನಂದ್ರಿ?"

"ಮರಿ ಅಮ್ಮ. ಹೊಟ್ಟೆಯಲ್ಲಿ ಅಂತಲೇ ಇಟ್ಟುಕೊಳ್ಳಿ."

ಅವ್ವ ಚನ್ನಾಜಮ್ಮನ ಮುಖ ನೋಡಿದಳು. ಚನ್ನಾಜಮ್ಮ ಅವ್ವನ ಮುಖ ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಥೂ, ಮೂದೇವಿ!" ಅವ್ವನ ದನಿಗೆ ಪರದೆ ಅದುರಿತು. "ಬಸುರೀರು ಅಂತ ಮೊದಲೇ ಬೊಗಳಬಾರ್ದಾ? ವಾಕರಿಕೆ ಬರೋ ಹೊತ್ತಲ್ಲಿ ಮಖದ ಮೇಲೆ ಹಾಲು ಎರೀತಿದ್ವಲ್ಲೋ! ನಿನ್ನ ಹೊತ್ತಾಗ ನಂಗೆ ಅರಿಶಿನದ ವಾಸನೆ ಕಂಡ್ರೇ ಆಗ್ತಿರಲಿಲ್ಲ. ಬಸುರಿಗೆ ಏನು ಸೇರ್ತದೆ ಅಂತ ಕೇಳಿ ಇಕ್ಕಬೇಕು ಕಣ್ಲಾ, ತುರುಕೋದಲ್ಲ!"

"ನನಗೇನು ಗೊತ್ತವ್ವ..."

"ನಿಂಗೇನು ಗೊತ್ತು? ಯಾವ ಗಂಡಸಿಗೆ ಗೊತ್ತು?" ಮೇಡಂ ಕಡೆ ತಿರುಗಿ ದನಿ ಮೆತ್ತಗೆ ಮಾಡಿದಳು. "ಏನು ಸೇರ್ತದೆ ತಾಯಿ ಇವರಿಗೆ?"

"ಒಳ್ಳೆ ನೀರು ಅಮ್ಮ. ಮತ್ತೆ ಮೀನು. ಹುಟ್ಟಿದ ಮರಿ ಮೀನಿನ ಮೈಗೆ ಅಂಟಿಕೊಂಡು ಸ್ವಲ್ಪ ದಿನ ಅಲ್ಲೇ ಬೆಳೀತದೆ. ಮೀನು ಇಲ್ಲದಿದ್ರೆ ಮರಿ ಉಳಿಯುದಿಲ್ಲ."

"ಹಂಗಾದ್ರೆ ಮೀನೇ ತವರುಮನೆ ಅನ್ನಿ" ಅಂದಳು ಚನ್ನಾಜಮ್ಮ. ಅವ್ವ ಆಗಲೇ ಬೆರಳು ಮಡಿಸುತ್ತಿದ್ದಳು: ಹಸಿರು ಬಳೆ, ಮಡಿಲಕ್ಕಿ, ತಂಬಿಟ್ಟು, ಪಾಯಸ. ಶುಕ್ರವಾರ ಪೂಜೆಯಲ್ಲ, ಸೀಮಂತ. ಎಲ್ಲಾ ದಡದ ಮೇಲೆ, ಅವರ ಹೆಸರಲ್ಲಿ ಮಡಗಿ ನಾವೇ ತಿನ್ನೋದು. ನೀರಿಗೆ ಒಂದು ಎಸಳೂ ಬೀಳಕೂಡದು.

ಅವರು ಹೋದ ಮೇಲೆ ಮೇಡಂ ನನ್ನ ಹತ್ತಿರ ಬಗ್ಗಿ, "ಆ ಏಳರಲ್ಲಿ ಎರಡು ಗಂಡು ಮಾರಾಯ. ಹೇಳಬೇಕಿತ್ತಾ?" ಅಂದರು.

"ಕೈ ಮುಗೀತೀನಿ ಮೇಡಂ. ಸುಮ್ಮನಿರಿ."

ಶುಕ್ರವಾರ ಬೆಳಿಗ್ಗೆ ಹೊಳೆ ದಂಡೆ ಮದುವೆ ಮನೆಯಾಗಿತ್ತು. ಯಾವ ಬೀದಿಗೆ ಏನು ಹೇಳಿದಳೋ, ಹೇಗೆ ಹೇಳಿದಳೋ, ಅವ್ವ ಎಲ್ಲಾ ಹೆಂಗಸರಿಗೂ ಸುದ್ದಿ ಮುಟ್ಟಿಸಿದ್ದಳು: ಅಕ್ಕಯ್ಯಗಳು ಬಸುರಿಯಂತೆ. ಇಷ್ಟು ದಿನ ಮುಚ್ಚಿದ್ದು ಯಾಕೆ ಅಂತ ಒಬ್ಬಳೂ ಮನೆಯ ಗಂಡಸಿಗೆ ಬಾಯಿ ಬಿಟ್ಟಿರಲಿಲ್ಲ. ಕಲ್ಲಿನ ಮುಂದೆ ಹಸಿರು ಬಳೆಯ ಗೋಪುರ. ಸೋಬಾನೆ ಹಾಡು. ಎತ್ತರದಲ್ಲಿ ಮೂರು ಕಲ್ಲಿನ ಒಲೆ ಮೇಲೆ ಪಾಯಸದ ಹಂಡೆ. ಮೆಟ್ಟಿಲ ಕೊನೆಯಲ್ಲಿ ಅವ್ವ, ಪೊಲೀಸಿನವರ ಹಾಗೆ ಕೋಲು ಹಿಡಿದು. ಒಂದು ಮಗು ಕಾಲು ತೊಳೆಯೋಕೆ ಹೋಗಿದ್ದಕ್ಕೂ "ಏಯ್!" ಅಂದಳು.

ಗಂಡಸರೆಲ್ಲ ಪಂಪ್‌ಹೌಸಿನ ಕಿಟಕಿಗೆ ಮುತ್ತಿದ್ದರು. ಮುಖ್ಯಾಧಿಕಾರಿ ಪರದೆ ಮುಂದೆ. ಏಳು ಗೆರೆ. ಒಂದು ಒಸಿ ಕೆಳಗಿಳಿಯಿತು. ಮತ್ತೆ ಮೇಲೆ ಹೋಯಿತು. "ಆಕಳಿಕೆ" ಅಂದರು ಮೇಡಂ. ಮಾಮೂಲಾಗಿ ಮುಚ್ಚೋ ಹೊತ್ತು ಬಂತು, ಹೋಯಿತು. ಏಳೂ ತೆರೆದೇ ಇದ್ದವು. ಪಂಪು ಗುಂಯ್ ಅಂತ ಓಡುತ್ತಲೇ ಇತ್ತು. ಮುಖ್ಯಾಧಿಕಾರಿ ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡು, "ಇರಲಿ ಬಿಡಿ, ಓಡಲಿ. ಚಿಪ್ಪು ಇರಲಿ" ಅಂದರು. ಮೇಡಂ ನನ್ನ ಬೆನ್ನಿಗೆ ಗುದ್ದಿದರು. ವಿಜ್ಞಾನಿಗಳ ಕೈ ಇಷ್ಟು ಭಾರ ಅಂತ ಗೊತ್ತಿರಲಿಲ್ಲ.

ಆಗಲೇ ಟ್ರಾಕ್ಟರ್ ಸದ್ದು. ತಿಬ್ಬೇಗೌಡ. ಬಿಳೀ ಪಂಚೆ, ಟ್ರೈಲರ್ ತುಂಬಾ ಹಾಲಿನ ಕ್ಯಾನು. ಹೋದ ಮಾನ ದೇವರ ಮುಂದೆ ವಾಪಸ್ ತರೋಣ ಅಂತ ಬಂದಿದ್ದ ಪಾಪ. ಒಂದು ಕ್ಯಾನು ಎತ್ತಿಕೊಂಡು ಸೀದಾ ಮೆಟ್ಟಿಲಿಗೆ ಇಳಿದ. ನಾನು ಪಂಪ್‌ಹೌಸಿಂದ ಓಡಿದೆ, ಮುಷ್ಟಿ ಆಗಲೇ ಬಿಗಿದಿತ್ತು. ಅವ್ವನ ಕೋಲು ನನಗಿಂತ ಮುಂದೆ ಅವನ ಎದೆಗೆ ಅಡ್ಡ ಬಂತು.

"ಎಲ್ಲಿಗೆ ಗೌಡ್ರೇ?"

"ಅಕ್ಕಯ್ಯಗಳಿಗೆ ಹಾಲು ತಾಯಮ್ಮ. ನನ್ನ ಸೇವೆ."

"ನಿಮ್ಮ ಹೆಂಡ್ತಿ ಬಸುರಿ ಇದ್ದಾಗ ಅವಳ ತಲೆ ಮೇಲೆ ಕ್ಯಾನ್‌ಗಟ್ಟಲೆ ಹಾಲು ಸುರಿದಿದ್ರಾ?"

ದಂಡೆಗೆ ದಂಡೆಯೇ ನಕ್ಕಿತು. ಟ್ರಾಕ್ಟರ್ ಡ್ರೈವರೂ ನಕ್ಕ. ಗೌಡ ಕ್ಯಾನು ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು. ಸಿಟ್ಟಿನ ಮನುಷ್ಯನ ಗುರುತು ಸಿಟ್ಟಿನ ಮನುಷ್ಯನಿಗೆ ಸಿಗುತ್ತೆ. ಈಗ ಇವನು ಯಾರನ್ನಾದರೂ ಹುಡುಕುತ್ತಾನೆ ಅಂತ ನನಗೆ ಗೊತ್ತಿತ್ತು. ಸಿಕ್ಕಿದವನು ನಾನೇ.

"ಬಾ ಇಲ್ಲಿ ಜವ್ರ." ದನಿ ಎತ್ತಲಿಲ್ಲ, ಅದೇ ಹೆದರಿಕೆ. ಗೌಡ ದಡ್ಡನಲ್ಲ. "ಹಾಲು ಸುರಿದ್ರೆ ಚಿಪ್ಪು ಮುಚ್ತದೆ. ಅಲ್ವಾ? ಇವತ್ತು ಸುರೀಲಿಲ್ಲ, ತೆರೆದೈತೆ. ಹಂಗಾದ್ರೆ ಇಷ್ಟು ದಿನ ಸುರೀತಿದ್ದೋರು ಯಾರ್ಲಾ?"

ಸೋಬಾನೆ ನಿಂತಿತು. ಗಂಡಸರೆಲ್ಲ ಪಂಪ್‌ಹೌಸಿಂದ ಇಳಿದು ಬರುತ್ತಿದ್ದರು. ಚನ್ನಾಜಮ್ಮ ಬಳೆ ಜೋಡಿಸೋದು ಬಿಟ್ಟು ನೆಲ ನೋಡಿದಳು. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ನನ್ನ ಆಲೆಮನೆ ಮುಂದೆ ನಿಂತು ಕಳ್ಳ ಅಂದೆ. ಸಭೇಲಿ ಕುರ್ಚಿ ಒದ್ದೆ. ಕಳ್ಳ ನಾನಲ್ಲ ಅಂತಾಯ್ತು. ಮತ್ಯಾರು? ಹೆಸರು ಹೇಳು. ನಿಂಗೆ ಗೊತ್ತೈತೆ, ನಿನ್ನ ಮುಖದಲ್ಲೇ ಕಾಣ್ತದೆ. ಹೇಳು, ನಾನು ಇಲ್ಲೇ ನಿನ್ನ ಕೈ ಹಿಡಿದು ಶಭಾಷ್ ಅಂತೀನಿ. ಹೇಳ್ದಿದ್ರೆ ಊರಿಗೆಲ್ಲ ಸುಳ್ಳುಗಾರ ನೀನೇ."

ಅವನು ಕೇಳಿದ್ದು ನ್ಯಾಯವೇ. 'ಅವ್ವ' ಅಂತ ಎರಡು ಅಕ್ಷರ ಅಂದಿದ್ದರೆ ನಾನು ಅಲ್ಲೇ ಗೆದ್ದಿರುತ್ತಿದ್ದೆ. ಬಾಯಲ್ಲಿ ಇನ್ನೂ ಏನೇನೋ ಬಂದವು, ಅವನ ಹೈಡ್ರೋಸ್ ಬೆಲ್ಲದ ಮೇಲೆ, ಅವನ ಪಂಚೆ ಮೇಲೆ, ಅವನ ವಂಶದ ಮೇಲೆ. ಎಲ್ಲಾ ಒಳ್ಳೊಳ್ಳೆ ಮಾತುಗಳು.

ಬಾಯಿ ಮುಚ್ಚಿಕೊಂಡು, ಬಗ್ಗಿ ಅವನ ಹಾಲಿನ ಕ್ಯಾನು ಎತ್ತಿ ಹೆಗಲಿಗೇರಿಸಿದೆ. ಭಾರವಿತ್ತು.

"ಏಯ್, ಕೇಳ್ತಿರೋದು ನಿನ್ನೇ ಕಣ್ಲಾ!"

ಪಾಯಸದ ಒಲೆ ಇದ್ದ ಕಡೆ, ದಿಬ್ಬ ಹತ್ತಿ ನಡೆದೆ.